ನಿಕ್ಕಲ್ಲಿಗೆ ಬಂದ ಕ್ಷಯ

ಬೆಳಗಿನಿಂದ ಒಂದೇ ವಾಕ್ಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಅದು ಮುಂದಕ್ಕೇ ಹೋಗುತ್ತಿಲ್ಲ.

ತಾರಾಲಯದ ಹೊಸ ಪ್ರದರ್ಶನಕ್ಕೆ ಮಾತು ಬರೆದವಳು ಧ್ವನಿಮುದ್ರಣ ಕೋಣೆಯ ಗಾಜಿನ ಈಚೆ, ಧ್ವನಿ ಕೊಡುವ ದೊಡ್ಡಣ್ಣ ಗಾಜಿನ ಆಚೆ. ಅಲ್ಲಿ ಎಲ್ಲರಿಗೂ ಅವರು ದೊಡ್ಡಣ್ಣನೇ; ಆ ಕಂಠ ಕೇಳಿದರೆ ಗೋಡೆಯೂ ತಲೆದೂಗಬೇಕು. ಇವತ್ತು ಮಾತ್ರ ಅವಳಿಗೆ ಅದನ್ನು ಹಿಸುಕಿಬಿಡುವಷ್ಟು ಸಿಟ್ಟು.

ವಾಕ್ಯ ಇಷ್ಟೇ: ‘ನಕ್ಷತ್ರ ಸಿಡಿದ ಮೇಲೆ ತಿಂಗಳುಗಟ್ಟಲೆ ಹೊಳೆಯುವುದು ಸಿಡಿದ ರಭಸಕ್ಕಲ್ಲ, ಸಿಡಿತದಲ್ಲಿ ಹುಟ್ಟಿದ ನಿಕ್ಕಲ್ ಕ್ಷಯಿಸಿ ಕೋಬಾಲ್ಟ್ ಆಗುತ್ತದೆ, ಕೋಬಾಲ್ಟ್ ಕ್ಷಯಿಸಿ ಕಬ್ಬಿಣವಾಗುತ್ತದೆ, ಆ ಕ್ಷಯವೇ ಬೆಳಕಿಗೆ ಇಂಧನ.’ ಇದನ್ನು ಹೇಳುವುದಕ್ಕೆಂದೇ ಅವಳು ಇಡೀ ಪ್ರದರ್ಶನ ಬರೆದದ್ದು.

ದೊಡ್ಡಣ್ಣ ಮೊದಲು ‘ನಿಕ್ಕಲ್ ಕೊಳೆತು’ ಅಂದರು.

“ಕೊಳೆಯೋಕೆ ಅದೇನು ಬಾಳೆಹಣ್ಣಾ ದೊಡ್ಡಣ್ಣ? ಬರೆದಿದ್ದನ್ನ ಓದಿ.”

ಆಮೇಲೆ ‘ಕರಗಿ’ ಅಂದರು. ಅದಾದ ಮೇಲೆ ‘ಸವೆದು’. ಅವಳು ಹಣೆ ಚಚ್ಚಿಕೊಂಡಳು.

ಪಕ್ಕದಲ್ಲಿದ್ದ ನಿರ್ದೇಶಕರಿಗೆ ಊಟದ ಹೊತ್ತಾಗಿತ್ತು. “ಢಂ ಅಂತ ಸಿಡೀತು, ಬೆಳಗ್ತು ಅಂತ ಹಾಕಿ ಮುಗಿಸಿ. ಯಾರು ಕೇಳ್ತಾರೆ? ಇನ್ನೊಂದು ಸಲ ನೋಡ್ತೀನಿ, ಆಗಲಿಲ್ವಾ, ಆ ವಾಕ್ಯಾನೇ ಕಿತ್ತುಹಾಕ್ತೀನಿ.”

ಯಾರು ಕೇಳ್ತಾರಂತೆ. ಸುಳ್ಳು ಹೇಳಿ ಮಕ್ಕಳ ಕೈಲಿ ಚಪ್ಪಾಳೆ ಹೊಡೆಸಿಕೊಳ್ಳೋಕೆ ತಾರಾಲಯ ಯಾಕೆ ಬೇಕು, ಬೀದಿಯ ಗಾರುಡಿಗ ಸಾಲದೇ? ಅವಳು ಬಾಗಿಲು ತಳ್ಳಿಕೊಂಡು ಒಳಗೇ ಹೋದಳು.

“ನಾಲಿಗೆ ಹೊರಳಲ್ವಾ, ಹೇಳೋಕೆ ಮನಸ್ಸಿಲ್ವಾ?”

ದೊಡ್ಡಣ್ಣ ಹೆಡ್‌ಫೋನ್ ತೆಗೆದರು. “ನಮ್ಮಮ್ಮನಿಗೆ ಅದೇ ಬಂದಿತ್ತು. ಮನೇಲಿ ‘ಆ ಕಾಯಿಲೆ’ ಅಂತಿದ್ವಿ, ಹೆಸರು ಎತ್ತುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೋಡೋಕೆ ಮಾತ್ರ ನನ್ನ ಬಿಡ್ತಿದ್ರು.”

ಅವಳ ಸಿಟ್ಟು ಇಳಿಯಿತು, ಹಟ ಇಳಿಯಲಿಲ್ಲ. “ಇದು ಬೇರೆ ದೊಡ್ಡಣ್ಣ. ಇಲ್ಲಿ ಅದರಿಂದಲೇ ಬೆಳಕು ಬರೋದು.”

“ಇರಬಹುದಮ್ಮ. ನಮ್ಮನೇಲಿ ಬರಲಿಲ್ಲ.”

ಪದ ಬದಲಿಸಿದರೆ ವಾಕ್ಯ ಕುಂಟುತ್ತದೆ, ಬದಲಿಸದಿದ್ದರೆ ಎದುರಿಗೆ ಈ ಮನುಷ್ಯ. ರೋಗಕ್ಕೂ ನಕ್ಷತ್ರಕ್ಕೂ ಒಂದೇ ಪದ ಇಟ್ಟ ಪುಣ್ಯಾತ್ಮರನ್ನು ಮನಸ್ಸಿನಲ್ಲೇ ಬೈದುಕೊಂಡಳು. “ಬಿಡಿ, ಕಿತ್ತುಹಾಕಲಿ,” ಅಂದಳು. ಆ ಸಾಲಿನ ಮೇಲೆ ಗೀಟೆಳೆಯಲು ಪೆನ್ನು ತೆಗೆದಳು.

ದೊಡ್ಡಣ್ಣ ಅವಳ ಮುಖವನ್ನೇ ನೋಡಿದರು. ಹೆಡ್‌ಫೋನ್ ಹಾಕಿಕೊಂಡರು, ಆಚೆ ಕೂತವರಿಗೆ ಕೈ ಮಾಡಿ ಓದಿದರು. ‘ಕ್ಷಯಿಸಿ’ ಅಂದರು, ಮತ್ತೆ ‘ಕ್ಷಯಿಸಿ’ ಅಂದರು. ‘ಆ ಕ್ಷಯವೇ’ ಅನ್ನುವಾಗ ದನಿ ಒಡೆಯಿತು.

“ಪದ ಸರಿಯಾಯ್ತು, ದನಿ ಕೆಡ್ತು. ಇನ್ನೊಂದು ಸಲ,” ಎಂದು ನಿರ್ದೇಶಕರು ಮೈಕಿನಲ್ಲಿ ಹೇಳಿದರು.

ದೊಡ್ಡಣ್ಣ ಹಾಳೆ ಸರಿಮಾಡಿಕೊಂಡರು. ಅವಳು ಅದರ ಮೇಲೆ ಅಂಗೈ ಇಟ್ಟಳು.

“ಅವರ ಕೈಲಿ ಇನ್ನು ಹೇಳಿಸಲ್ಲ ಸರ್. ಬೇಕಾದ್ರೆ ವಾಕ್ಯ ತೆಗೀರಿ.”