ಮೂರನೆಯ ಕರೆ

ಮೈಕಿನ ತಲೆಗೆ ಜಾಲರಿ ಹಾಕಿದ್ದಾರೆ, ಎಳ್ಳಿನಷ್ಟು ಸಣ್ಣ ಕಣ್ಣುಗಳ ಜಾಲರಿ, ಅದಕ್ಕೊಂದು ನೂಲಿನ ಎಳೆ ಸಿಕ್ಕಿಕೊಂಡು ಏಸಿಯ ಗಾಳಿಗೆ ಅಲ್ಲಾಡುತ್ತಿದೆ, ಕೈ ನೀಡಿ ತೆಗೆದುಬಿಡಲೇ — ಬೇಡ, ಅಲುಗಾಡಬಾರದು ಎಂದಿದ್ದಾಳೆ ಮಗನ ತಂಡದ ಅಕ್ಷಯಾ, ವನಮಾಲಾ ಆಂಟೀ, ಆಪ್ ಕೋ ಬಸ್ ಬೈಠನಾ ಹೈ, ಕುಛ್ ಬೋಲ್ನಾ ನಹೀ, ಚೂಡೀ ಕೀ ಆವಾಜ್ ಭೀ ಮೈಕ್ ಪಕಡ್ ಲೇಗಾ, ಸುಮ್ಮನೆ ಕೂತರೆ ಸಾಕಂತೆ, ಬಳೆಯ ಸದ್ದನ್ನೂ ಮೈಕು ಹಿಡಿಯುತ್ತದಂತೆ, ಕನ್ನಡ ಪೂರ್ತಿ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಹಿಂದಿಯಲ್ಲಿ, ಬಳೆ ಬಿಚ್ಚಿಡಿ ಅಂದಳು, ಗಂಡನನ್ನು ಎದುರಿಗೆ ಕೂರಿಸಿಕೊಂಡು ಬಳೆ ಬಿಚ್ಚುವುದುಂಟೇ, ಮೇಲಿಂದ ಕರವಸ್ತ್ರ ಸುತ್ತಿಕೊಂಡಿದ್ದೇನೆ, ಗಾಯವಾದವರ ಹಾಗೆ, ಎರಡೂ ಕೈಗೆ. ನೆರೂಳದ ಕಾಲೇಜಿನ ಹಾಲ್ ಇದು, ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಪ್ಪು ಪರದೆ, ಪರದೆಯ ಪಕ್ಕ ಒಂದು ಕೆಂಪು ದೀಪ, ಅದು ಉರಿಯುತ್ತಿರುವಷ್ಟು ಹೊತ್ತು ಈ ಹಾಲಿನಲ್ಲಿ ಹುಟ್ಟುವ ಪ್ರತಿ ಸದ್ದೂ ಉಳಿಯುತ್ತದೆಯಂತೆ, ಮಗ ಕಟ್ಟಿದ ಸಂಗೀತ ಇದೊಂದೇ ಸಲ ಹೀಗೆ ಜನರ ಎದುರು ನುಡಿದು ರೆಕಾರ್ಡ್ ಆಗಬೇಕು, ಅಕ್ಷಯಾ ಪಿಟೀಲು ಹಿಡಿದು ಜರ್ಮನಿಗೆ ಹೊರಟಿದ್ದಾಳೆ, ಮಿಕ್ಕವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ, ಮತ್ತೆ ಕೂಡಿಸುವವನು ನನ್ನ ಕಶ್ಯಪ, ಕಶ್ಯಪನೇ ಇಲ್ಲ. ಇರುವಾಗಲೇ ಈ ಕುರ್ಚಿಯನ್ನು ನನಗೆ ಇಟ್ಟು ಹೋದ, ದೋಸೆಗೆ ಕೈ ಹಾಕುತ್ತಾ ಹೇಳಿದ್ದ, ಅಮ್ಮಾ ನಿಂಗೂ ಒಂದು ಪಾರ್ಟ್ ಉಂಟು, ಎಂತ ಮಾಡ್ಬೇಕು ನಾನು, ಎಂತದೂ ಇಲ್ಲ, ಕೂತ್ಕೊಳ್ಳುದು, ನಾನು ಹೊರಗಿಂದ ಕರೀತೇನೆ, ನೀನು ಓ ಅನ್ನಬಾರದು, ಅಷ್ಟೇ, ಅದು ಎಂತ ಸಂಗೀತವೋ ಮಾರಾಯ ಎಂದು ನಾನು ನಕ್ಕು ಇನ್ನೊಂದು ದೋಸೆ ಹಾಕಿದೆ, ಹೆಂಚು ಚುಂಯ್ ಅಂದಿತು, ಆಹಾ ಅಮ್ಮಾ ಇದೂ ಬೇಕು ನಂಗೆ ಎಂದು ಮೊಬೈಲನ್ನು ಹೆಂಚಿನ ಬಳಿ ಹಿಡಿದ.

ಈಗ ಜಾಗಟೆ. ಬಾರಿಸಿ, ಅದು ಗುಂಯ್‌ಗುಡುತ್ತಿರುವಾಗಲೇ ನೀರು ತುಂಬಿದ ಟಬ್ಬಿಗೆ ಇಳಿಸುತ್ತಾರೆ, ನಾದ ಬಾಗುತ್ತದೆ, ಕುಗ್ಗುತ್ತದೆ, ಮುಳುಗುತ್ತದೆ, ಪೂಜೆಯ ಜಾಗಟೆ ಕೃಷ್ಣಾ, ತಪ್ಪಾದರೆ ಮನ್ನಿಸು, ಮುಳುಗುವುದನ್ನು ನೋಡಲಾರೆ, ಕಲ್ಯಾಣದ ಖಾಡಿಯ ಉಪ್ಪುನೀರಿನಲ್ಲಿ ಇವರು ಸೊಂಟದವರೆಗೆ ಇಳಿದು ಬಿಟ್ಟ ಅಸ್ಥಿಯ ಮಡಕೆಯೂ ಹೀಗೇ ಓರೆಯಾಯಿತು, ಒಮ್ಮೆ ಗುಳುಂ ಅಂದಿತು, ಆಮೇಲೆ ನೀರು ತನ್ನ ಪಾಡಿಗೆ. ಇವರು ಮೊದಲ ಸಾಲಿನಲ್ಲಿ ಕೂತಿದ್ದಾರೆ, ಹೋಟೆಲಿರುವ ವರ್ತಕ ನಗರದಲ್ಲಿ ಎಲ್ಲರೂ ಮುರಾರಿ ರಾಯರೆಂದು ಕರೆಯುವ ನನ್ನ ಗಂಡ, ಹೋಟೆಲಿಗೆ ಬೀಗ ಹಾಕಿ ಬಂದಿದ್ದಾರೆ, ಮಗನ ಸಂಗೀತ ಕೇಳಲು ಅವರು ಬಂದದ್ದು ಇದೇ ಮೊದಲು, ಪಾತ್ರೆ ಬೀಳಿಸುದಕ್ಕೆ ಟಿಕೇಟ್ ಇಟ್ಟಿದ್ದೀಯಾ, ಬಾ ನಮ್ಮ ಹೋಟೆಲಿಗೆ, ದಿನಾ ಫ್ರೀ, ಎಂದು ಕೆಣಕುತ್ತಿದ್ದರು, ಅಪ್ಪ ನಿಮ್ಮ ಹೋಟೆಲಲ್ಲಿ ತಾಳ ತಪ್ತದೆ ಎಂದು ಅವನು, ತಪ್ಪುದು ಸಾಂಬಾರಿಗೆ ಉಪ್ಪು ಮಾರಾಯ, ತಾಳ ಅಲ್ಲ, ಎಂದು ಇವರು, ಇಬ್ಬರೂ ನಗುತ್ತಿದ್ದರು, ಈಗ ಒಗೆದ ಬಿಳಿ ಅಂಗಿ ಹಾಕಿ ಮದುವೆಗೆ ಬಂದವರಂತೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಾರೆ, ಎಂತಾಗುತ್ತಿದೆ ಎಂದು ಅವರಿಗೆ ತಿಳಿಯುತ್ತಿಲ್ಲ, ಮುಂದೆ ಎಂತ ಆಗುತ್ತದೆಂದೂ ನಾನು ಹೇಳಿಲ್ಲ. ನನ್ನ ಅಜ್ಜಿ ಕಥೆ ಹೇಳುವಾಗ ದೀಪದ ಬತ್ತಿಯನ್ನು ತಗ್ಗಿಸುತ್ತಿದ್ದಳು, ಮುಚ್ಚಂಜೆ ಹೊತ್ತಿಗೆ ಅಂಗಳದಿಂದ ಯಾರೋ ಕರೆಯುತ್ತಾರೆ ಮಗಾ, ನಮ್ಮವರದೇ ಸ್ವರ, ಓಗೊಡಬಾರದು, ಜೀವ ಇದ್ದವರು ಮೂರು ಸಲ ಕರೆಯುತ್ತಾರೆ, ಜೀವ ಇಲ್ಲದವರಿಗೆ ಎರಡು ಕರೆಗಷ್ಟೇ ಉಸಿರು, ಒಬ್ಬಳು ಎರಡನೆಯದಕ್ಕೇ ಓ ಅಂದಳು, ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು, ಹಾಗೇ ಎದ್ದು ಹೋದಳು, ಎಲ್ಲಿಗೆ ಅಜ್ಜೀ, ಕರೆದವರ ಹಿಂದೆ. ಇದನ್ನೇ ನಾನು ಕಶ್ಯಪನಿಗೆ ಹೇಳಿದ್ದೆ, ಡೊಂಬಿವಲಿಯ ನಮ್ಮ ಮೂರನೇ ಮಾಳಿಗೆಯ ಮನೆಯಲ್ಲಿ, ಕರೆಂಟು ಹೋದಾಗ, ಅಂದಿನಿಂದ ಅವನಿಗೆ ಅದೇ ಆಟ, ಶಾಲೆಯಿಂದ ಬಂದಾಗ, ಕಾಲೇಜಿನಿಂದ ಬಂದಾಗ, ಮೀಸೆ ಬಂದ ಮೇಲೂ, ಜೇಬಿನಲ್ಲಿ ಕೀಲಿಕೈ ಇದ್ದರೂ ಬೆಲ್ ಒತ್ತುವುದಿಲ್ಲ, ಸೇಫ್ಟಿ ಡೋರಿನ ಜಾಲರಿಯೊಳಗೆ ನಾಲ್ಕು ಬೆರಳು ತೂರಿಸಿ ನಿಂತು ಅಮ್ಮಾ, ನಾನು ಸುಮ್ಮನೆ, ಅಮ್ಮಾ, ನಾನು ಸುಮ್ಮನೆ, ಆಗ ಒಳಗಿನಿಂದ ಇವರು ಪೇಪರು ತಗ್ಗಿಸಿ ಗದರಬೇಕು, ಏ ಇವಳೇ, ಮಗ ಕರೀತಾ ಇದ್ದಾನೆ, ಕೇಳ್ತದಾ ಇಲ್ವಾ, ಬಾಗಿಲು ತೆಗಿ, ಆಮೇಲೆ ಮೂರನೆಯದು, ಅಮ್ಮಾ, ಜೀವ ಉಂಟು ಮಾರಾಯ್ತಿ, ತೆಗಿ — ಜೀವ ಉಂಟು ಎಂದು ನಗುತ್ತಿದ್ದ, ಜಾಲರಿಯಲ್ಲಿ ಆ ಬೆರಳುಗಳು ಪಿಟೀಲಿನ ತಂತಿಯ ಮೇಲಿದ್ದಂತೆ ಕುಣಿಯುತ್ತಿದ್ದವು, ತುದಿಯಲ್ಲಿ ತಂತಿಯೊತ್ತಿ ಕಪ್ಪಾದ ಗೆರೆ.

ಪಿಟೀಲು ನಿಂತಿತು. ಕಮಾನನ್ನು ತಂತಿಯಿಂದ ಎತ್ತಿ ಗಾಳಿಯಲ್ಲೇ ಹಿಡಿದು ಅಕ್ಷಯಾ ನನ್ನತ್ತ ನೋಡುತ್ತಿದ್ದಾಳೆ, ಈಗ ಬರುತ್ತದೆ, ಹಾಲಿನ ಬಾಗಿಲ ಹೊರಗೆ ಸ್ಪೀಕರ್ ಇಟ್ಟಿದ್ದಾರೆ, ಬಾಗಿಲು ಮುಚ್ಚಿರಬೇಕು, ಸ್ವರ ಮೆಟ್ಟಿಲಿನಿಂದ ಬರಬೇಕು ಎಂದು ಅವನೇ ಹೇಳಿಟ್ಟಿದ್ದನಂತೆ, ನಮ್ಮ ಮೆಟ್ಟಿಲಲ್ಲೇ ನಿಂತು ಮೊಬೈಲಿಗೆ ತುಂಬಿಸಿಕೊಂಡದ್ದು, ಎರಡೇ ಕರೆ, ಮೂರನೇದು ಯಾಕಿಲ್ಲವೋ ಎಂದು ಕೇಳಿದ್ದೆ, ಮೂರನೇದು ಕೇಳುವವರು ಕಾಯ್ಬೇಕಮ್ಮಾ, ಕಾಯುದೇ ಅಲ್ವಾ ಸಂಗೀತ, ಎಂದ. ಅಂದು ಯಾರೂ ಕರೆಯಲಿಲ್ಲ, ಬೆಲ್ ಒತ್ತಿದರು, ಬೆಲ್ಲಿಗೆ ಮೂರು ಸಲದ ಕ್ರಮ ಇಲ್ಲವಲ್ಲ, ಒಂದೇ ಸಲಕ್ಕೆ ತೆರೆದೆ, ರೈಲ್ವೆ ಪೊಲೀಸಿನವನು ಟೋಪಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಕಶ್ಯಪ ಇಥೇಚ ರಾಹತಾತ ಕಾ, ಹೌದು ಇಲ್ಲೇ ಇರುವುದು ಎಂದೆ, ಇಲ್ಲೇ ಇರುವುದು ಎಂದೆ ನಾನು, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವಷ್ಟು ಜನರ ಗರ್ದಿ ಇತ್ತಂತೆ, ದಿವಾ ಸ್ಟೇಷನ್ ದಾಟಿದ ಮೇಲೆ ಕೈ ಜಾರಿತಂತೆ, ಬೀಳುವಾಗ ಕರೆದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಕೃಷ್ಣಾ ನಿನಗೆ ಗೊತ್ತಿರಬೇಕು, ಉಡುಪಿಯಲ್ಲಿ ಬೆಳ್ಳಿಯ ಕಿಂಡಿಯ ಆಚೆ ನಿಂತು ಎಲ್ಲ ಕೇಳಿಸಿಕೊಂಡು ಸುಮ್ಮನಿರುವವನು ನೀನು, ಓಗೊಡದಿರುವುದು ಹೇಗೆಂದು ನನಗೂ ಕಲಿಸು, ಅಲ್ಲ, ಕಲಿಸಬೇಡ, ಎರಡನೆಯದಕ್ಕೇ ಓ ಅಂದುಬಿಟ್ಟರೆ ಆ ಹೆಂಗಸಿನ ಹಾಗೆ ನಾನೂ ಎದ್ದು ಹಿಂದೆ ಹಿಂದೆ, ಆದರೆ ಕೆಂಪು ದೀಪ ಉರಿಯುತ್ತಿದೆ, ಅವನು ಬಿಟ್ಟುಹೋದದ್ದು ಇದಿಷ್ಟೇ, ಇದನ್ನು ನಾನೇ ಕೆಡಿಸಲೇ. ಸ್ಪೀಕರಿನಲ್ಲಿ ಮೊದಲು ನಮ್ಮ ಕೆಳಗಿನ ಮನೆಯ ಕುಕ್ಕರ್ ಸೀಟಿ, ಚಪ್ಪಲಿಯ ಸದ್ದು, ಅಮ್ಮಾ — ಬಂದ, ಬಂದಿದ್ದಾನೆ, ಬಾಗಿಲಿನ ಆಚೆಯೇ ಇದ್ದಾನೆ, ತುಟಿಯನ್ನು ಹಲ್ಲಿನಿಂದ ಕಚ್ಚಿದೆ, ಕರವಸ್ತ್ರದೊಳಗೆ ಬಳೆ ಬಿಸಿಯಾಗಿದೆ, ಉಪ್ಪು, ರಕ್ತದ ಉಪ್ಪು, ಅಮ್ಮಾ — ಎರಡಾಯಿತು, ಓ ಗಂಟಲಿನಲ್ಲಿ ನಿಂತಿದೆ, ನುಂಗಿದೆ, ನುಂಗಿಬಿಟ್ಟೆ ಮಗಾ, ಆಗ ಮೊದಲ ಸಾಲಿನಿಂದ, ಕತ್ತಲಿನಿಂದ, ಪೇಪರು ತಗ್ಗಿಸಿದಂತೆ ತೀರಾ ಸಹಜವಾಗಿ, ಏ ಇವಳೇ, ಮಗ ಕರೀತಾ ಇದ್ದಾನೆ, ಕೇಳ್ತದಾ ಇಲ್ವಾ, ಬಾಗಿಲು ತೆಗಿ.

ಯಾರೂ ನಗಲಿಲ್ಲ. ಅಕ್ಷಯಾಳ ಕಮಾನು ಇನ್ನೂ ಗಾಳಿಯಲ್ಲೇ ಇದೆ, ಇವರು ಆಡಿದ್ದು ಇವರಿಗೆ ಈಗ ಕೇಳಿಸಿತು, ಅರ್ಧ ಎದ್ದವರು ಹಾಗೇ ನಿಂತು ಬಾಯಿಗೆ ಕೈ ಒತ್ತಿಕೊಂಡಿದ್ದಾರೆ, ಕೆಂಪು ದೀಪ ಆರಿಲ್ಲ, ಎಲ್ಲ ಹೋಯಿತು ಅದರೊಳಗೆ, ಇನ್ನು ಯಾರು ಯಾವ ಊರಿನಲ್ಲಿ ಕೂತು ಈ ರೆಕಾರ್ಡ್ ಹಾಕಿದರೂ ಅವನು ಎರಡು ಸಲ ಕರೆಯುತ್ತಾನೆ, ಅಪ್ಪ ಬಾಗಿಲು ತೆಗಿ ಅನ್ನುತ್ತಾರೆ, ತೆಗೆಯುವವರು ಯಾರೂ ಇಲ್ಲ, ಹಾಕಿದಷ್ಟು ಸಲವೂ ಯಾರೂ ಇಲ್ಲ, ಆದರೆ ಇವರು ಗದರಿದ ಮೇಲೆ ಮೂರನೆಯದು ಬರಬೇಕು, ಯಾವತ್ತೂ ಬರುತ್ತಿತ್ತು, ಜೀವ ಉಂಟು, ಈಗ ಬರಬೇಕು, ಏಸಿಯ ಗಾಳಿ, ಜಾಲರಿಯಲ್ಲಿ ನೂಲಿನ ಎಳೆ ಅಲ್ಲಾಡುತ್ತಿದೆ, ಅಲ್ಲಾಡುತ್ತಿದೆ, ನಿಂತಿತು, ಮೈಕಿನ ಜಾಲರಿ, ನಮ್ಮ ಬಾಗಿಲಿನ ಜಾಲರಿ, ಜಾಲರಿಯೊಳಗೆ ನಾಲ್ಕು ಬೆರಳು, ತುದಿಯಲ್ಲಿ ಕಪ್ಪು ಗೆರೆ, ಕುಣಿಯದ ನಾಲ್ಕು ಬೆರಳು