ಉಪ್ಪಿನ ಬದುವಿನ ಮೇಲೆ ಕ್ರಿಯಾಪದ

"ನಾನು ಬರುವೆನು, ನೀನು ಬರುವೆ, ಅವನು ಬರುವನು," ಎಂದು ಮೆಲ್ಲಗೆ ಹೇಳಿಕೊಳ್ಳುತ್ತ ಆರ್ಮೆಲ್ ಉದ್ದ ಹಿಡಿಯ ಹಲಗೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಎಳೆದಳು. ಮೂರು ಎಳೆತ. "ನಾವು ಬರುವೆವು, ನೀವು ಬರುವಿರಿ, ಅವರು ಬರುವರು." ಇನ್ನೂ ಮೂರು. ಆರನೆಯದಕ್ಕೆ ಉಪ್ಪಿನ ಮಡಿಯ ಒಂದು ಬದಿ ಮುಗಿಯಿತು. ನೀರಿನ ಮೇಲೆ ಕೆನೆಯಂತೆ ಕಟ್ಟಿದ್ದ ಉಪ್ಪಿನ ಹೂವು ಹಲಗೆಯ ಮುಂದೆ ಸುಕ್ಕುಗಟ್ಟಿ, ಬುಟ್ಟಿಗೆ ಬಿದ್ದಾಗ ಸದ್ದೇ ಮಾಡಲಿಲ್ಲ.

ಮೂರು ಬದುಗಳ ಆಚೆ ಅವಳ ಮಾವ ಓಗುಸ್ತ್ ತಳದ ದಪ್ಪ ಉಪ್ಪನ್ನು ಗೋರಿ ಗುಡ್ಡೆ ಹಾಕುತ್ತಿದ್ದರು. ಉಪ್ಪಿನ ಆಗರದಲ್ಲಿ ಮರವಿಲ್ಲ, ಗೋಡೆಯಿಲ್ಲ. ಮಾತು ನೀರಿನ ಮೇಲೆ ಜಾರಿಕೊಂಡು ಎಲ್ಲಿಗೋ ಹೋಗಿ ಮುಟ್ಟುತ್ತದೆ.

"ಏನೇ ಆರ್ಮೆಲ್, ಬರ್ತಾರೆ ಬರ್ತಾರೆ ಅಂತ ಬೆಳಗ್ಗಿಂದ ಹೇಳ್ತಿದ್ದೀಯ, ಯಾರೂ ಬರಲಿಲ್ವಲ್ಲ?" ಪಕ್ಕದ ಆಗರದಿಂದ ಕ್ಲೊತಿಲ್ಡ್ ಕೂಗಿದಳು.

"ನೀನು ಬಾಯಿ ಮುಚ್ಚಿದ್ರೆ ಬರ್ತಾರೆ ಕಣೇ."

ಆರ್ಮೆಲ್‌ಗೆ ನಲವತ್ತನಾಲ್ಕು. ಬಲಗೈ ಮಣಿಕಟ್ಟಿನ ನರ ಊದಿಕೊಂಡಿತ್ತು; ಇನ್ನೆರಡು ಬೇಸಿಗೆ, ಆಮೇಲೆ ಹಲಗೆ ಹಿಡಿಯುವುದು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಊರಿನ ಶಿಶುವಿಹಾರದಲ್ಲಿ ಮೂವತ್ತು ವರ್ಷ ಆಯಾ ಆಗಿದ್ದ ಹೆಂಗಸೊಬ್ಬಳು ನಿವೃತ್ತಳಾಗಿದ್ದಳು. ಆ ಜಾಗಕ್ಕೆ ಬುಧವಾರ ಗೆರಾಂಡ್ ಪಟ್ಟಣದಲ್ಲಿ ವ್ಯಾಕರಣವೂ ಇರುವ ಲಿಖಿತ ಪರೀಕ್ಷೆ. ಇದು ತಪ್ಪಿದರೆ ಮತ್ತೆ ಅಂಥ ಜಾಗ ಖಾಲಿಯಾಗುವ ಹೊತ್ತಿಗೆ ಅವಳಿಗೂ ನಿವೃತ್ತಿಯ ವಯಸ್ಸು. ಹದಿನೈದಕ್ಕೇ ಶಾಲೆ ಬಿಟ್ಟವಳು. ಮಾತಾಡುವಾಗ ಕಾಲಗಳು ತಾವಾಗಿಯೇ ಬಂದು ಬೀಳುತ್ತಿದ್ದವು, ಬರೆಯಲು ಕುಳಿತರೆ ಮಾತ್ರ ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಎರಡು ತಿಂಗಳಿಂದ ಮಧ್ಯಾಹ್ನ ಮೇಡಂ ತೆಬೋ ಅವರ ಅಡುಗೆಮನೆಯಲ್ಲಿ ಪಾಠ. ಎಂಬತ್ತೊಂದರ ಆ ಮಾಜಿ ಶಿಕ್ಷಕಿ ಬೀನ್ಸ್ ನಾರು ಬಿಡಿಸುತ್ತಲೇ ತಪ್ಪು ತಿದ್ದುತ್ತಿದ್ದರು.

"ಮುಗಿದದ್ದು ಬೇರೆ, ಆಗ ನಡೀತಾ ಇದ್ದದ್ದು ಬೇರೆ. ಎರಡನ್ನೂ ಒಂದೇ ಪಾತ್ರೆಗೆ ಸುರೀಬೇಡ ಮಾರಾಯ್ತಿ."

ಆರ್ಮೆಲ್ ಅದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಳು. ಹುಣ್ಣಿಮೆಯ ಉಬ್ಬರದಲ್ಲಿ ಒಳಗೆ ಬಿಟ್ಟುಕೊಂಡ ಸಮುದ್ರದ ನೀರಿನಲ್ಲಿ ಲೀಟರಿಗೆ ಮೂವತ್ತು ಗ್ರಾಂ ಉಪ್ಪು. ಅದು ಕೊಳದಿಂದ ಕೊಳಕ್ಕೆ, ಹಾವಿನಂತೆ ಸುತ್ತಿ ಬಳಸಿ, ಬಿಸಿಲಿಗೆ ಆವಿಯಾಗಿ ಗಟ್ಟಿಯಾಗುತ್ತ ಕೊನೆಯ ಮಡಿಗೆ ಬರುವಾಗ ಇನ್ನೂರೈವತ್ತು ದಾಟಿರುತ್ತದೆ. ಜೂನ್ ತಿಂಗಳ ನೀರು ಇನ್ನೂ ನಡುವಿನ ಕೊಳಗಳಲ್ಲಿ ತೆವಳುತ್ತಿತ್ತು. ಅದು ಮುಗಿಯದ ಭೂತಕಾಲ. ಕಣಜದಲ್ಲಿ ಬಿದ್ದಿರುವ ಹೋದ ವರ್ಷದ ಉಪ್ಪು ಮುಗಿದದ್ದು. ಪುಸ್ತಕಗಳಲ್ಲಷ್ಟೇ ಬರುವ, ಯಾರೂ ಬಾಯಲ್ಲಿ ಆಡದ ಆ ಇನ್ನೊಂದು ಭೂತಕಾಲ ಯಾವುದೆಂದು ಯೋಚಿಸುತ್ತ ಅವಳು ಎಷ್ಟೋ ಸಂಜೆ ಬದುವಿನ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದಳು. ಬೆಳ್ಳಕ್ಕಿಗಳು ತಮ್ಮ ನೆರಳಿನ ಮೇಲೆ ಒಂಟಿಕಾಲಲ್ಲಿ ನಿಂತಿರುತ್ತಿದ್ದವು. ಆಕಾಶ ಮೇಲೂ ಇರುತ್ತಿತ್ತು, ಕಾಲ ಬುಡದಲ್ಲೂ ಇರುತ್ತಿತ್ತು.

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ತೂಬಿನ ಬೆಣೆ ತೆಗೆದು ಮಡಿಗಳಿಗೆ ನೀರು ಬಿಟ್ಟಳು. ಅರ್ಧ ಬೆರಳಿನಷ್ಟು ಸಾಕು. ನೀರು ತೆಳುವಾಗಿ ಹರಡುವುದನ್ನು ನೋಡುತ್ತ, "ಬಂದಿದ್ದರೆ ನೋಡುತ್ತಿದ್ದೆ, ಬಂದಿದ್ದರೆ ನೋಡುತ್ತಿದ್ದೆ" ಎಂದು ಷರತ್ತಿನ ವಾಕ್ಯಗಳನ್ನು ಉರು ಹೊಡೆಯುತ್ತ ನಡೆದಳು. ಮಾವ ಕಣಜದ ಮಾಡು ರಿಪೇರಿಗೆ ಹೋಗಿದ್ದರು. ಮೇಡಂ ಮನೆಯಲ್ಲಿ ಅಂದು ಪಾಠ ಸೊಗಸಾಗಿ ಸಾಗಿತು; ನಲವತ್ತು ವಾಕ್ಯದಲ್ಲಿ ಮೂರೇ ತಪ್ಪು.

ಸಂಜೆ ಐದಕ್ಕೆ ಬಂದಾಗ, ಬೆಳಿಗ್ಗೆ ತೆಗೆದು ಮತ್ತೆ ಹಾಕಲು ಮರೆತ ಬೆಣೆ ಬದುವಿನ ಮೇಲೆಯೇ ಬಿದ್ದಿತ್ತು. ಎಂಟು ಮಡಿಗಳಲ್ಲಿ ಗೇಣಾಳ ನೀರು. ಹೂವಿನ ಸುಳಿವಿಲ್ಲ, ತಳದ ಉಪ್ಪೂ ಅರ್ಧ ಕರಗಿತ್ತು. ಓಗುಸ್ತ್ ಟೋಪಿ ಹಿಂದಕ್ಕೆ ತಳ್ಳಿ ನಿಂತಿದ್ದರು.

"ಯಾವಾಗಿಂದ?"

"ಬೆಳಗ್ಗಿಂದ, ಮಾವ."

ಅವರು ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. "ಸೂಪ್ ಮಾಡಬಹುದು. ಸಪ್ಪೆಯಾಗಿದೆ ಅಷ್ಟೆ."

ಬೈದಿದ್ದರೆ ವಾಸಿಯಿತ್ತು. ಈ ನೀರನ್ನು ಹೊರಹಾಕಿ, ಹಿಂದಿನ ಕೊಳದ ಗಟ್ಟಿ ನೀರನ್ನು ಗಂಟೆಗಂಟೆಗೂ ನೋಡಿಕೊಂಡು ಸ್ವಲ್ಪಸ್ವಲ್ಪವೇ ಬಿಡಬೇಕು. ಎರಡೂವರೆ ದಿನದ, ಇಬ್ಬರ ಕೆಲಸ. ಪೂರ್ವದ ಗಾಳಿ ಗುರುವಾರದವರೆಗೆ ಮಾತ್ರ, ಆಮೇಲೆ ಮಳೆ ಎಂದು ರೇಡಿಯೊ ಹೇಳಿತ್ತು. ಎಪ್ಪತ್ತನಾಲ್ಕರ ಮಾವ ಒಬ್ಬರೇ ಮಾಡಲಾರರು. ಗಂಡ ಹಡಗು ಕಟ್ಟುವಲ್ಲಿ ವೆಲ್ಡರ್. ಶನಿವಾರಕ್ಕೆ ಮುಂಚೆ ಬರುವವನಲ್ಲ.

ಕ್ಲೊತಿಲ್ಡ್ ಬದುವಿನವರೆಗೂ ಬಂದು ನಿಂತಳು. ದಾಟಲಿಲ್ಲ. "ನಮ್ಮದು ಈ ವಾರ ಹಗುರ ಇದೆ. ನಾನು ಬರ್ಲಾ, ಓಗುಸ್ತಣ್ಣ?"

"ಬೇಡ."

"ನಾನೇನು ಕಳ್ಳೀನಾ?"

"ನಿನ್ನ ಕಾಲು ನಿನ್ನ ಜೇಡಿಗೆ ಗೊತ್ತು. ನನ್ನ ಜೇಡಿಗೆ ಗೊತ್ತಿಲ್ಲ."

ಅದು ಜಂಬದ ಮಾತಷ್ಟೇ ಆಗಿರಲಿಲ್ಲ. ಪ್ರತಿ ಮಡಿಯ ಜೇಡಿನೆಲಕ್ಕೂ ಅದರದೇ ಉಬ್ಬುತಗ್ಗು. ಅರಿಯದ ಪಾದ ಒತ್ತಿದರೆ, ಅರಿಯದ ಗೋರೆ ಒಂದು ಕೂದಲಿನಷ್ಟು ಆಳಕ್ಕಿಳಿದರೆ ಮಣ್ಣು ಎದ್ದು ಉಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಓಗುಸ್ತ್ ಅವರ ಅಪ್ಪ ಸತ್ತ ದಿನ ಕೂಡ ಇನ್ನೊಂದು ಮನೆಯವರು ಆ ಮಡಿಗಳಿಗೆ ಇಳಿದಿರಲಿಲ್ಲ. ಮದುವೆಯಾಗಿ ಬಂದ ಆರ್ಮೆಲ್‌ಳನ್ನೇ ಅವರು ಎರಡು ಬೇಸಿಗೆ ಬದುವಿನ ಮೇಲೆ ಕೂರಿಸಿ, ನೋಡಿ ಕಲಿ ಎಂದಿದ್ದರು.

ಮಂಗಳವಾರ ಇಬ್ಬರೂ ಬೆಳಗಿನಿಂದ ದುಡಿದರು. ಆರ್ಮೆಲ್ ಬಾಯಲ್ಲಿ ಒಂದು ಕ್ರಿಯಾಪದವೂ ಇರಲಿಲ್ಲ. ಮಧ್ಯಾಹ್ನ ಓಗುಸ್ತ್ ಸೊಂಟ ನೆಟ್ಟಗೆ ಮಾಡುತ್ತ ಕೇಳಿದರು: "ಏನು, ಇವತ್ತು ಯಾರೂ ಬರೋದಿಲ್ವೋ?"

"ಪಾಠ ಸಾಕು ಮಾವ. ನಾಳೆ ನಾನು ಹೋಗಲ್ಲ."

ಅವರು ಮತ್ತೆ ಗೋರೆ ಎತ್ತಿಕೊಂಡರು. ಸಂಜೆ ಊಟಕ್ಕೆ ಕಪ್ಪು ಧಾನ್ಯದ ಹಿಟ್ಟಿನ ದೋಸೆಯನ್ನು ಮಜ್ಜಿಗೆಯಲ್ಲಿ ಅದ್ದಿ ತಿಂದರು, ಚಾಕು ಒರೆಸಿ ಮಡಿಚಿದರು, "ಸ್ವಲ್ಪ ಗಾಳಿ ನೋಡ್ಕೊಂಡು ಬರ್ತೀನಿ" ಎಂದು ಹೊರಗೆ ಹೋದರು. ಗಾಳಿ ಅಂಗಳದಲ್ಲೇ ಇತ್ತು. ಅವರು ರಸ್ತೆಯ ಕಡೆಗೆ ನಡೆದದ್ದು ಕಿಟಕಿಯಿಂದ ಕಂಡಿತು.

ಬುಧವಾರ ಬೆಳಿಗ್ಗೆ ಅವಳು ಹಳೆಯ ನಿಲುವಂಗಿ ತೊಟ್ಟು ಕೆಳಗೆ ಬಂದಾಗ ಮಾವ ಬಾಗಿಲ ಬಳಿ ನಿಂತಿದ್ದರು.

"ಇದೇ ಬಟ್ಟೇಲಿ ಹೋಗ್ತೀಯಾ ಪರೀಕ್ಷೆಗೆ? ಏಳೂವರೆಗೆ ಬಸ್ಸು."

"ಹೋಗಲ್ಲ ಅಂದ್ನಲ್ಲ."

"ಹಾಗಾದ್ರೆ ಕ್ಲೊತಿಲ್ಡ್‌ಗೆ ಬರಬೇಡ ಅಂತ ನೀನೇ ಹೋಗಿ ಹೇಳು. ಬಾ ಅಂತ ಕೇಳಿದ್ದಕ್ಕೇ ನನ್ನ ಬಾಯಿ ಒಣಗಿದೆ. ಈಗ ಬೇಡ ಅನ್ನೋದಕ್ಕೆ ಆಗಲ್ಲ."

ಆರ್ಮೆಲ್ ಮೆಟ್ಟಿಲ ಕಡೆ ತಿರುಗಿದಳು. "ಉಪ್ಪು ಬೂದುಬಣ್ಣ ಆಗತ್ತೆ, ಮಾವ."

"ಆಗತ್ತೆ. ತಿನ್ನೋರಿಗೇನು ಕಣ್ಣು ನಾಲಿಗೆ ಮೇಲಿರತ್ತಾ? ಹೋಗು. ಆಮೇಲೆ ಬಸ್ಸಿಗೆ ಓಡಬೇಕಾಗತ್ತೆ."

ಬಸ್ಸಿನಲ್ಲಿ ನಾಲ್ಕೇ ಜನ. ಮಡಿಲಲ್ಲಿ ಪುಸ್ತಕ ತೆರೆದಿತ್ತು. ಬರುವೆನು, ಬರುವೆ, ಬರುವನು ಎಂಬ ಸಾಲುಗಳು ಕಣ್ಣೆದುರು ಇದ್ದರೂ ಅವಳು ಓದುತ್ತಿರಲಿಲ್ಲ. ಆಗರದ ನಡುವಿನ ಏರಿಯ ಮೇಲಿನ ರಸ್ತೆಯಲ್ಲಿ ಬಸ್ಸು ನಿಧಾನವಾಯಿತು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಸಾವಿರಾರು ಮಡಿಗಳು ಕನ್ನಡಿ ಚೂರುಗಳ ಹಾಗೆ ಬೆಳಕಿಗೆ ಒಂದೊಂದಾಗಿ ತಿರುಗಿಕೊಳ್ಳುತ್ತಿದ್ದವು. ಅವುಗಳ ನಡುವೆ ತಮ್ಮ ಎಂಟು ಮಡಿಗಳನ್ನು ಅವಳು ಹುಡುಕಬೇಕಾಗಲಿಲ್ಲ.

ಕ್ಲೊತಿಲ್ಡ್ ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬದುವಿನ ಅಂಚಿನಲ್ಲಿ ಪಾದಗಳನ್ನು ತೊಳೆದುಕೊಳ್ಳುತ್ತಿದ್ದಳು. ಓಗುಸ್ತ್ ಅವಳ ಪಕ್ಕದಲ್ಲಿ, ಅವಳ ಎರಡು ಚಪ್ಪಲಿಗಳನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲಿ ಕಾಲಿಡಬೇಕೆಂದು ಇನ್ನೊಂದು ಕೈಯಿಂದ ನೀರಿನೊಳಕ್ಕೆ ತೋರಿಸುತ್ತಿದ್ದರು.