ಹೊರಗಿನ ಬೀಗ

ಬೀಗ ಬಿದ್ದ ಸದ್ದು ಕೇಳಿ "ರೀ, ನಾನು ಒಳಗಿದೀನಿ!" ಅಂತ ಕಿರುಚಿದೆ. ಅಷ್ಟರಲ್ಲಿ ಇವರ ಚಪ್ಪಲಿ ಸದ್ದು ಕಣ ದಾಟಿ ಹೋಗಿತ್ತು. ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿ ಬೀಜದ ಚೀಲಕ್ಕೆ ಇಲಿ ಬಿದ್ದಿದೆಯಾ ನೋಡೋಣ ಅಂತ ಗಂಡ ಹೆಂಡ್ತಿ ಒಟ್ಟಿಗೇ ಗೋಡೌನಿಗೆ ಬಂದವರು ನಾವು. ಪಕ್ಕದಲ್ಲೇ ನಿಂತು ಮಾತಾಡ್ತಿದ್ದ ಹೆಂಡ್ತೀನೇ ಮರೆತು ಬೀಗ ಹಾಕ್ಕೊಂಡು ಹೋದ್ರಲ್ಲ, ಅಯ್ಯೋ ದೇವರೇ!

ಫೋನು ಸೊಂಟದಲ್ಲೇ ಇತ್ತು. ಮಗ ಸುದೀಪನಿಗೆ ಒಂದು ಮಾತು ಹೇಳಿದ್ರೆ ಓಡಿ ಬರ್ತಾನೆ. ಹೇಳ್ಲಿಲ್ಲ. ಬಂದವನು ಮೊದಲು ಕೇಳೋದೇ ಬೀಗ ಹಾಕಿದ್ದು ಯಾರು ಅಂತ.

ನಮ್ಮನೇಲಿ ಮರೆಗುಳಿ ಅಂದ್ರೆ ನಾನು. ಕನ್ನಡಕ ಫ್ರಿಜ್ಜಲ್ಲಿ ಸಿಕ್ಕಿದ್ರೆ "ನಾನೇ ಇಟ್ಟೆ ಕಣೋ". ಪರ್ಸು ಗೊಬ್ಬರದ ಚೀಲದಲ್ಲಿ ಸಿಕ್ಕಿದ್ರೆ ಅದೂ ನಾನೇ. ಒಂದೂ ನಾನಿಟ್ಟಿದ್ದಲ್ಲ, ಎಲ್ಲ ಇವರ ಕೆಲಸ. ಹೋದ ಕೊಯ್ಲಿನಲ್ಲಿ ಒಂದು ದಿನ, ಹುಟ್ಟಿ ಬೆಳೆದ ಮಲ್ಲಂದೂರಲ್ಲೇ ಜೀಪು ನಿಲ್ಲಿಸಿ, ಮನೆಗೆ ಯಾವ ಕಡೆ ತಿರುಗಬೇಕು ಅಂತ ನನ್ನ ಕೇಳಿದ್ರು. ಆಮೇಲೆ ಸ್ಟೀರಿಂಗಿಗೆ ಹಣೆ ಇಟ್ಟು ಅತ್ರು. "ಸುದೀಪನಿಗೆ ಹೇಳಬೇಡ ಮಾರಾಯ್ತಿ. ಜೀಪು, ತೋಟ ಎಲ್ಲ ಕಿತ್ಕೊಂಡು ಮೂಲೇಲಿ ಕೂರಿಸ್ತಾನೆ." ಹೇಳಲ್ಲ ಅಂದೆ.

ಅವತ್ತಿಂದ, ಮೊಮ್ಮಗಳು ಧನ್ಯಾನ ಸ್ಕೂಲ್ ಬಸ್ಸಿಗೆ ಬಿಡೋಕೆ ಇವರು ಜೀಪು ತೆಗೆದ್ರೆ ನಾನೂ ಹತ್ತಿ ಕೂರ್ತೀನಿ. ಅಮ್ಮಂಗೆ ಸವಾರಿ ಹುಚ್ಚು ಅಂತ ಎಲ್ರೂ ನಗ್ತಾರೆ. ನಗ್ಲಿ. ತಿರುವು ಬಂದಾಗೆಲ್ಲ "ಎಡಕ್ಕೆ ರೀ" ಅಂತ ಪಿಸುಗುಟ್ಟೋಕೆ ಯಾರಾದ್ರೂ ಬೇಕಲ್ಲ.

ಚಾವಣಿ ಶೀಟು ಕಾದು ಒಳಗೆ ಧಗಧಗ. ಬೆವರು ಒರೆಸ್ಕೊಂಡು ಚೀಲದ ಮೇಲೆ ಕೂತೆ. ಕೊನೆಗೆ ಹೊರಗೆ ಇವರ ದನಿ ಕೇಳಿಸ್ತು. "ಅಂಬೂ, ಗೋಡೌನ್ ಕೀ ಎಲ್ಲಿ ಹಾಕಿದ್ಯೇ?"

"ಅಮ್ಮನ ಕೇಳಿ ಏನು ಬಂತು ಅಪ್ಪ?" ಸುದೀಪ ಜೊತೇಲೇ ಇದ್ದ. "ಅವಳು ಕಳೀತಾಳೆ ಅಂತಾನೇ ಅಲ್ವಾ ಕೂಗೋ ಕೀಚೈನ್ ತಂದಿರೋದು." ಬಾಗಿಲ ಸಂದೀಲಿ ನೋಡಿದೆ, ಅವನು ಫೋನು ಒತ್ತಿದ. ಕೀಂ ಕೀಂ ಅಂತ ಇವರ ಅಂಗಿ ಜೇಬೇ ಕೂಗ್ತು. ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕೋದು ಅಂದ್ರೆ ಇದೇ. ಇನ್ನು ತಡೆಯೋಕಾಗದೆ ಬಾಗಿಲು ಬಡಿದೆ.

ಸುದೀಪ ಬೀಗ ತೆಗೆದ. "ಅಮ್ಮಾ! ಯಾರು ಬೀಗ ಹಾಕಿದ್ದು?"

ಇವರು ನನ್ನ ಮುಖ ನೋಡಿದ್ರು. ಅವತ್ತು ಸ್ಟೀರಿಂಗಿಂದ ಎತ್ತಿದ್ರಲ್ಲ, ಅದೇ ಮುಖ.

"ಇಲಿ ಓಡಿಹೋಗಬಾರದು ಅಂತ ನಾನೇ ಹಾಕಿ ಅಂದಿದ್ದು ಕಣೋ," ಅಂದೆ. "ಅಂದಿದ್ದು ನಂಗೇ ಮರೆತು ಬಡ್ಕೊಂಡೆ ನೋಡು." ಎಂಥ ದರಿದ್ರ ಸುಳ್ಳು! ಆದ್ರೂ ನಂಬಿದ. ನನ್ನ ಬಗ್ಗೆ ಆದ್ರೆ ಏನು ಬೇಕಾದ್ರೂ ನಂಬ್ತಾನೆ.

ಅವನ ಕಣ್ಣು ತುಂಬಿತ್ತು. "ನಾಳೆ ಚಿಕ್ಕಮಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣಮ್ಮ. ಇನ್ಮೇಲೆ ಮನೆ ಕೀ ಪಂಚಮಿ ಹತ್ರ ಇರ್ಲಿ." ಪಂಚಮಿ ಅವನ ಹೆಂಡ್ತಿ. ಅತ್ತೆ ಕೈಯಿಂದ ನನಗೆ ಬಂದ ಕೀ ಗೊಂಚಲನ್ನ ಸೊಂಟದಿಂದ ಬಿಚ್ಚಿ ಕೊಟ್ಟೆ. ಹೋಗ್ಲಿ ಅಂದ್ಕೊಂಡೆ.

"ಇನ್ನೊಂದಮ್ಮ. ಧನ್ಯಾನ ಬಿಡೋಕೆ ನೀನು ಹೋಗಬೇಡ. ದಾರೀಲಿ ಇಳಿದು ಎಲ್ಲಾದ್ರೂ ಹೋಗಿಬಿಟ್ರೆ? ಅಪ್ಪ ಒಬ್ರೇ ಬಿಟ್ಟು ಬರ್ತಾರೆ."

ಇವರು ನನ್ನ ಬೆನ್ನು ಸವರಿದ್ರು. "ಹೆದರಬೇಡ ಅಂಬು, ವಯಸ್ಸಾದ್ಮೇಲೆ ಮರೆವು ಎಲ್ರಿಗೂ ಬರುತ್ತೆ. ನಾನಿದೀನಲ್ಲ." ನಾಟಕ ಅಲ್ಲ ಅದು. ನನ್ನ ಸುಳ್ಳನ್ನ ಇವರೂ ನಂಬಿಬಿಟ್ಟಿದ್ರು.

ಬಾಗಿಲು ತೆರೆದೇ ಇತ್ತು, ನನಗೆ ಮಾತ್ರ ಉಸಿರು ಕಟ್ಟಿತು. ನಾಳೆಯ ಜೀಪು ಕಣ್ಮುಂದೆ ಬಂತು: ಕೆರೆ ಏರಿ ತಿರುವು, ಹಿಂದಿನ ಸೀಟಲ್ಲಿ ಕಾಲು ಆಡಿಸ್ತಾ ಕೂತ ಧನ್ಯಾ, ಪಕ್ಕದಲ್ಲಿ ಪಿಸುಗುಟ್ಟೋರು ಯಾರೂ ಇಲ್ಲ.

"ಜೀಪಿನ ಕೀ ಕೊಡಿ," ಅಂದೆ.

"ಯಾಕೆ?"

"ಕೊಡಿ ಅಂದ್ರೆ ಕೊಡಿ."

ಕೊಟ್ರು. ಅದನ್ನ ಸುದೀಪನ ಕೈಗೆ ಹಾಕಿ, ಜೀಪು ನಿಲ್ಲಿಸಿ ದಾರಿ ಕೇಳಿದ ದಿನದಿಂದ ಹಿಡಿದು ಎಲ್ಲ ಹೇಳಿದೆ. ಇವರು ಕಂಬ ಹಿಡ್ಕೊಂಡು ಕೇಳ್ತಾ ನಿಂತಿದ್ರು.

ಮುಗಿದ ಮೇಲೆ ಮೆಲ್ಲಗೆ ಒಂದೇ ಮಾತಂದ್ರು. "ಹೇಳಲ್ಲ ಅಂದಿದ್ಯಲ್ಲ, ಅಂಬು."

ಅದೊಂದನ್ನ ಇವರು ಮರೆತಿರಲಿಲ್ಲ.